ಗೀಟು, ಬೆಣೆ, ಉಂಗುರ: ಅಣುರಚನೆಯ ಬರಹವೂ ಅದರ ತಂತ್ರಾಂಶಗಳೂ

ರಸಾಯನಶಾಸ್ತ್ರವನ್ನು ಕನ್ನಡದಲ್ಲಿ ಬರೆಯಹೊರಟವರಿಗೆ ಎದುರಾಗುವ ಮುಖ್ಯ ತೊಡಕು ಪಾರಿಭಾಷಿಕ ಶಬ್ದಗಳದ್ದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಜಲಜನಕವೆನ್ನಬೇಕೆ ಹೈಡ್ರೋಜನ್ ಎನ್ನಬೇಕೆ, ಇಂಗಾಲವೆನ್ನಬೇಕೆ ಕಾರ್ಬನ್ ಎನ್ನಬೇಕೆ ಎಂಬ ವಾದ ಇನ್ನೂ ಮುಗಿದಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿ ನೂರು ವರ್ಷಗಳು ಕಳೆದಿದ್ದರೂ ಅದು ಮುಗಿಯುವ ಲಕ್ಷಣ ಕಾಣದು. ಈ ವಾದದ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ಮರೆಯಾಗಿಯೇ ಉಳಿದಿದೆ. ರಸಾಯನಶಾಸ್ತ್ರದ ಪುಟದಲ್ಲಿ ಗದ್ಯದ ಸಾಲುಗಳನ್ನು ತಡೆದು ನಡುವೆ ನಿಲ್ಲುವ ಆ ಷಟ್ಕೋಣಗಳು, ಅಂಕುಡೊಂಕಾದ ಗೀಟುಗಳು, ಕಪ್ಪು ಬೆಣೆಗಳು ಏನು? ಚಿತ್ರಗಳೋ ಬರಹವೋ? ಚಿತ್ರವೆಂದು ಬಗೆದರೆ ಎಲ್ಲಿಂದಲೋ ತಂದು ಅಂಟಿಸಿದರೆ ಸಾಕು. ಬರಹವೆಂದು ಬಗೆದರೆ ಅದಕ್ಕೊಂದು ವ್ಯಾಕರಣವಿದೆ, ಕಾಗುಣಿತವಿದೆ, ಓದುವ ಕ್ರಮವಿದೆ. ಅದನ್ನು ಕನ್ನಡ ವಾಕ್ಯದೊಡನೆ ಹೊಂದಿಸುವ ಹೊಣೆಯೂ ಲೇಖಕನ ಮೇಲೆ ಬೀಳುತ್ತದೆ.

ಇವು ಬರಹವೇ ಎಂಬುದು ಪ್ರಕೃತ ಲೇಖನದ ಪಕ್ಷ. ಅಣುಗಳ ರಚನೆಯನ್ನು ಗಣಕದ ಮೇಲೆ ಬರೆಯುವ ತಂತ್ರಾಂಶಗಳು ಕಳೆದ ನಾಲ್ಕು ದಶಕಗಳಲ್ಲಿ ವಿದ್ಯಾರ್ಥಿಯಿಂದ ಸಂಶೋಧಕನವರೆಗೆ ಎಲ್ಲರ ಕೈಗೂ ಬಂದಿವೆ. ಅವನ್ನು ಲೇಖನಿಯ ಜಾತಿಗೆ ಸೇರಿದ ಉಪಕರಣಗಳೆಂದು ತಿಳಿದು ಗುಣದೋಷಗಳನ್ನು ನೋಡಬೇಕೆಂಬುದು ನಮ್ಮ ಆಶಯ. ಇಂಥ ವಿವೇಚನೆಗೆ ಪುಣೆ ತಕ್ಕ ಸ್ಥಳ. ಪಾಷಾಣದಲ್ಲಿ 1950ರ ಜನವರಿಯಲ್ಲಿ ಉದ್ಘಾಟಿತವಾದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವಿದೆ; ಗಣೇಶಖಿಂಡಿಯಲ್ಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗವಿದೆ; ಭಾರತೀಯ ಲಿಪಿಗಳನ್ನು ಗಣಕಕ್ಕೆ ಕಲಿಸಿದ ಸಿ-ಡ್ಯಾಕ್ ಸಂಸ್ಥೆಯೂ 1988ರಲ್ಲಿ ಸ್ಥಾಪಿತವಾದದ್ದು ಈ ಊರಿನಲ್ಲೇ. ಅಣುವಿನ ಬರಹವೂ ಅಕ್ಷರದ ಬರಹವೂ ಒಂದೇ ಊರಿನಲ್ಲಿ, ಪರಸ್ಪರ ಹೆಚ್ಚು ಪರಿಚಯವಿಲ್ಲದ ನೆರೆಹೊರೆಯವರಂತೆ ಬೆಳೆದಿವೆ.

ಮೊದಲು ಬರಹದ ಮಾತು. 1858ರಲ್ಲಿ ಕೂಪರ್ ಪರಮಾಣುಗಳ ನಡುವಣ ಬಂಧವನ್ನು ಗೀಟಿನಿಂದ ಸೂಚಿಸಿದನು. 1864ರಲ್ಲಿ ಕ್ರಂ ಬ್ರೌನ್ ವೃತ್ತಗಳೊಳಗೆ ಪರಮಾಣುಗಳ ಸಂಕೇತಗಳನ್ನು ಬರೆದು ಅವನ್ನು ಗೀಟುಗಳಿಂದ ಜೋಡಿಸಿದನು. ಮುಂದಿನ ವರ್ಷ ಕೆಕುಲೆ ಬೆಂಜೀನನ್ನು ಉಂಗುರವೆಂದನು. 1874ರಲ್ಲಿ ವಾಂಟ್‌ಹಾಫ್ ಮತ್ತು ಲೆ ಬೆಲ್ ಇಂಗಾಲದ ನಾಲ್ಕು ಕೈಗಳು ಒಂದೇ ಸಮತಲದಲ್ಲಿಲ್ಲವೆಂದು ವಾದಿಸಿದ ಮೇಲೆ, ಕಾಗದದ ಮೇಲೆ ಎತ್ತರ ತಗ್ಗುಗಳನ್ನು ಬರೆಯುವ ಅಗತ್ಯವೂ ಬಂದಿತು. ಕಾಗದದಿಂದ ನಮ್ಮ ಕಡೆಗೆ ಚಾಚಿದ ಬಂಧಕ್ಕೆ ತುಂಬಿದ ಬೆಣೆ, ಹಿಂದಕ್ಕೆ ಹೋದದ್ದಕ್ಕೆ ಗೆರೆಗೆರೆಯಾದ ಬೆಣೆ ಎಂಬ ರೂಢಿ ನೆಲೆಗೊಂಡದ್ದು ಅನಂತರ. ಹೀಗೆ ಅಗತ್ಯ ಬಂದಂತೆ ಚಿಹ್ನೆಯನ್ನು ಕೂಡಿಸಿಕೊಳ್ಳುವುದು ಲಿಪಿಯ ಸ್ವಭಾವ.

ಈ ಲಿಪಿಯ ಅತಿ ಚಮತ್ಕಾರದ ಅಂಶವೆಂದರೆ ಬರೆಯದೆ ಬಿಡುವುದು. ಅಂಕುಡೊಂಕಾದ ಗೀಟಿನ ಪ್ರತಿಯೊಂದು ಮೂಲೆಯಲ್ಲಿಯೂ ತುದಿಯಲ್ಲಿಯೂ ಒಂದು ಇಂಗಾಲವಿದೆಯೆಂದು ತಿಳಿಯಬೇಕು. ಅಲ್ಲಿ ಯಾವ ಅಕ್ಷರವೂ ಇರುವುದಿಲ್ಲ. ಇಂಗಾಲಕ್ಕೆ ನಾಲ್ಕು ಕೈಗಳು. ಕಂಡ ಗೀಟುಗಳನ್ನು ಕಳೆದು ಉಳಿದ ಕೈಗಳಲ್ಲೆಲ್ಲ ಜಲಜನಕವಿದೆಯೆಂದು ಓದುಗನೇ ತುಂಬಿಕೊಳ್ಳಬೇಕು. ಹೊಸಬರಿಗೆ ಇದು ವಿಚಿತ್ರವೆನಿಸುವುದು. ಕನ್ನಡಿಗರಿಗೆ ಮಾತ್ರ ಹಾಗೆನಿಸಬಾರದು, ಏಕೆಂದರೆ ನಮ್ಮ ಲಿಪಿಯೂ ಇದೇ ಕೆಲಸವನ್ನು ಮಾಡುತ್ತದೆ. ತಲೆಕಟ್ಟೇ ಅಕಾರದ ಗುರುತೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ, ನಿಜ. ಆದರೆ ‘ಬಲ’ ಎಂಬ ಮಾತನ್ನು ನೋಡಿ. ಅದರ ಎರಡಕ್ಷರಗಳಲ್ಲಿ ಒಂದಕ್ಕೂ ತಲೆಕಟ್ಟಿಲ್ಲ, ಆದರೂ ಎರಡು ಅಕಾರಗಳನ್ನು ತಡೆಯಿಲ್ಲದೆ ಓದುತ್ತೇವೆ. ಅಕಾರವನ್ನು ತೆಗೆಯಬೇಕಾದಾಗಲೇ ನಮಗೆ ವಿಶೇಷ ಚಿಹ್ನೆ ಬೇಕು: ‘ಬ್’, ‘ಲ್’. ರಸಾಯನಜ್ಞನೂ ಹಾಗೆಯೇ. ವಾಡಿಕೆಯ ನಾಲ್ಕು ಕೈಗಳು ಕೂಡಿಬಾರದ ಇಂಗಾಲದ ಮೇಲೆ ಮಾತ್ರ ಚುಕ್ಕೆಯನ್ನೋ ಧನಋಣ ಚಿಹ್ನೆಯನ್ನೋ ಇಡುತ್ತಾನೆ. ಸಹಜವಾದದ್ದನ್ನು ಮೌನಕ್ಕೆ ಬಿಟ್ಟು ಅಸಹಜವಾದದ್ದನ್ನು ಮಾತ್ರ ಗುರುತಿಸುವ ಈ ಮಿತವ್ಯಯ ಲಿಪಿಗೆ ಸಲ್ಲುವ ಗುಣ. ಚಿತ್ರದಲ್ಲಿ ಬಿಟ್ಟದ್ದು ಬಿಟ್ಟಂತೆಯೇ.

ಗಣಕ ಬರುವುದಕ್ಕೆ ಮೊದಲು ಈ ಲಿಪಿಗೆ ಅಚ್ಚುಮೊಳೆಗಳಿರಲಿಲ್ಲವೆಂದೇ ಹೇಳಬೇಕು. ರಂಧ್ರಫಲಕ, ಮಸಿಯ ಲೇಖನಿ, ಒತ್ತಿ ಅಂಟಿಸುವ ಅಕ್ಷರದ ಹಾಳೆಗಳು ಸಂಶೋಧಕನ ಮೇಜಿನ ಮೇಲೆ; ಸತುವಿನ ಬ್ಲಾಕು ಮುದ್ರಣಾಲಯದಲ್ಲಿ. ಒಂದು ಗೀಟು ತಪ್ಪಿದರೆ ಇಡೀ ಬ್ಲಾಕನ್ನೇ ಮತ್ತೆ ಮಾಡಿಸಬೇಕು. 1969ರಲ್ಲಿ ಹಾರ್ವರ್ಡಿನ ಕೋರಿ ಮತ್ತು ವಿಪ್ಕೆ ಸಂಶ್ಲೇಷಣೆಯ ಮಾರ್ಗವನ್ನು ಗಣಕದಿಂದ ಯೋಜಿಸುವ ತಮ್ಮ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ರಸಾಯನಜ್ಞನು ಫಲಕದ ಮೇಲೆ ಕಡ್ಡಿಯಿಂದ ಅಣುವನ್ನು ಬರೆದು ಗಣಕಕ್ಕೆ ತಿಳಿಸುತ್ತಿದ್ದನು. ಗಮನಿಸತಕ್ಕ ವಿಷಯವೇನೆಂದರೆ, ಅಲ್ಲಿ ಬರೆಯುತ್ತಿದ್ದುದು ಅಚ್ಚು ಹಾಕಿಸುವುದಕ್ಕಲ್ಲ, ಯಂತ್ರ ಓದಲೆಂದು. ವಿಪ್ಕೆ ಮುಂದೆ 1978ರಲ್ಲಿ ಸಹಸ್ಥಾಪಕನಾಗಿ ಆರಂಭಿಸಿದ ಎಂಡಿಎಲ್ ಸಂಸ್ಥೆಯಿಂದ ಬಂದ ‘ಮೋಲ್’ ಕಡತದ ಮಾದರಿ ಇಂದಿಗೂ ಬಳಕೆಯಲ್ಲಿದೆ. 1985ರಲ್ಲಿ ಮೆಕಿಂತೋಷ್ ಗಣಕಕ್ಕಾಗಿ ‘ಕೆಮ್‌ಡ್ರಾ’ ಬಂದಿತು; ಹಾರ್ವರ್ಡಿನ ಡೇವಿಡ್ ಇವಾನ್ಸ್, ಅವರ ಪತ್ನಿ ಸ್ಯಾಲಿ ಇವಾನ್ಸ್, ವಿದ್ಯಾರ್ಥಿ ಸ್ಟುವರ್ಟ್ ರೂಬೆನ್‌ಸ್ಟೈನ್ ಇದರ ಹಿಂದಿದ್ದವರು. ಇದರ ಮೊದಲ ಉದ್ದೇಶ ಅಂದವಾದ ಅಚ್ಚು. ಯಂತ್ರಕ್ಕಾಗಿ ಬರೆಯುವುದು, ಕಣ್ಣಿಗಾಗಿ ಬರೆಯುವುದು ಎಂಬ ಈ ಎರಡು ಕವಲುಗಳು ಇಂದಿನ ಪ್ರತಿಯೊಂದು ತಂತ್ರಾಂಶದಲ್ಲೂ ಕೂಡಿಕೊಂಡಿವೆ. ಅವುಗಳ ಜಗಳವೂ ಅಲ್ಲಿಯೇ ಇದೆ.

ಕಡತದೊಳಗೆ ಇರುವುದೇನು? ಮದ್ಯಸಾರವಾದ ಎಥನಾಲನ್ನು ತೆರೆಯ ಮೇಲೆ ಬರೆದರೆ ಕಾಣುವುದು ಒಂದು ಡೊಂಕು ಗೀಟು, ಅದರ ತುದಿಯಲ್ಲಿ ಆಮ್ಲಜನಕ ಜಲಜನಕಗಳ ಸಂಕೇತ. ಕಡತದಲ್ಲಿರುವುದು ಕೋಷ್ಟಕ: ಪರಮಾಣು 1 ಇಂಗಾಲ, 2 ಇಂಗಾಲ, 3 ಆಮ್ಲಜನಕ, 1ಕ್ಕೂ 2ಕ್ಕೂ ಒಂದು ಬಂಧ, 2ಕ್ಕೂ 3ಕ್ಕೂ ಒಂದು ಬಂಧ. ಗೀಟು ಎಲ್ಲಿಂದ ಎಲ್ಲಿಗೆ ಎಳೆಯಬೇಕೆಂಬುದೂ ಅದರೊಡನೆ ಇರುವುದುಂಟು, ಆದರೆ ಅಣುವಿನ ಸತ್ವವಿರುವುದು ಕೋಷ್ಟಕದಲ್ಲಿ. ಡೇವಿಡ್ ವೈನಿಂಗರ್ 1988ರಲ್ಲಿ ಪ್ರಕಟಿಸಿದ ‘ಸ್ಮೈಲ್ಸ್’ ಎಂಬ ಬರವಣಿಗೆಯಲ್ಲಿ ಇದೇ ಎಥನಾಲು ‘ಸಿಸಿಓ’ ಎಂಬ ಮೂರು ಅಕ್ಷರಗಳಾಗುತ್ತದೆ. ಇನ್ನೊಂದು ತುದಿಯಿಂದ ಹೊರಟರೆ ‘ಓಸಿಸಿ’ ಆಗುವುದು. ಎರಡೂ ಒಂದೇ ಅಣು. ಒಂದು ಅಣುವಿಗೆ ಒಂದೇ ಹೆಸರು ಬರಬೇಕೆಂಬ ಹಟದಿಂದ ಅಂತರರಾಷ್ಟ್ರೀಯ ರಸಾಯನ ಒಕ್ಕೂಟ 2005ರಲ್ಲಿ ‘ಇಂಚಿ’ ಎಂಬ ಸಂಕೇತವನ್ನು ಬಿಡುಗಡೆ ಮಾಡಿತು. ಸಾಮಾನ್ಯ ಚಿತ್ರಲೇಖನದ ತಂತ್ರಾಂಶದಲ್ಲಿ ಬರೆದ ಎಥನಾಲು ಕಣ್ಣಿಗೆ ಇವೆಲ್ಲಕ್ಕೂ ಸಮಾನ. ಆದರೆ ಅದರೊಳಗೆ ಎಥನಾಲಿಲ್ಲ. ಕಪ್ಪು ಬಿಳಿ ಚುಕ್ಕೆಗಳಿವೆ.

ಈ ಭೇದವನ್ನು ಕನ್ನಡಿಗರಿಗೆ ದೂರದ ದೃಷ್ಟಾಂತಗಳಿಂದ ವಿವರಿಸಬೇಕಾಗಿಲ್ಲ. ನಾವು ಅದನ್ನು ನಮ್ಮ ಲಿಪಿಯ ವಿಷಯದಲ್ಲಿಯೇ ಅನುಭವಿಸಿದ್ದೇವೆ. ‘ಧರ್ಮ’ ಎಂದು ಬರೆಯುವಾಗ ರೇಫವನ್ನು ಮಕಾರಕ್ಕಿಂತ ಮೊದಲು ಉಚ್ಚರಿಸುತ್ತೇವೆ, ಆದರೆ ಅರ್ಕಾವೊತ್ತನ್ನು ಮಕಾರದ ಅನಂತರ ಬರೆಯುತ್ತೇವೆ. ಗಣಕವು ಯಾವುದನ್ನು ನೆನಪಿಡಬೇಕು, ಉಚ್ಚಾರದ ಕ್ರಮವನ್ನೋ ಕಣ್ಣಿಗೆ ಕಾಣುವ ಕ್ರಮವನ್ನೋ? ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕಿನಲ್ಲಿ ಬೆಳೆದ ‘ಜಿಸ್ಟ್’ ತಂತ್ರವೂ, 1991ರಲ್ಲಿ ರಾಷ್ಟ್ರೀಯ ಮಾನಕವಾದ ‘ಇಸ್ಕಿ’ ಸಂಕೇತವೂ ಮೊದಲ ಪಕ್ಷವನ್ನು ಹಿಡಿದವು: ರಕಾರ, ವಿರಾಮ, ಮಕಾರ ಎಂದು ನೆನಪಿಡುವುದು, ತೋರಿಸುವಾಗ ಅರ್ಕಾವೊತ್ತನ್ನು ಸ್ವಸ್ಥಾನದಲ್ಲಿ ಕೂಡಿಸುವುದು. ಯೂನಿಕೋಡಿನ ಕನ್ನಡ ವಿಭಾಗವೂ ಇಸ್ಕಿಯ ಜಾಡಿನಲ್ಲೇ ನಡೆಯಿತು. ನಮ್ಮ ಮುದ್ರಣಾಲಯಗಳು ಬಹುಕಾಲ ನೆಚ್ಚಿದ್ದ ಅಕ್ಷರಶೈಲಿಗಳ ದಾರಿ ಬೇರೆ. ಪುಣೆಯ ಮಾಡ್ಯುಲರ್ ಇನ್ಫೊಟೆಕ್ ಸಂಸ್ಥೆಯ ‘ಶ್ರೀಲಿಪಿ’ಯ ಹಳೆಯ ಶೈಲಿಗಳಾಗಲಿ, ಕರ್ನಾಟಕದ ‘ನುಡಿ’, ‘ಬರಹ’ಗಳ ಹಳೆಯ ಶೈಲಿಗಳಾಗಲಿ ನೆನಪಿಡುತ್ತಿದ್ದುದು ಅಕ್ಷರದ ತುಂಡುಗಳನ್ನು. ಅಚ್ಚಿನಲ್ಲಿ ಅವು ಮನೋಹರವಾಗಿದ್ದವು, ಅದರಲ್ಲಿ ಸಂದೇಹವಿಲ್ಲ. ಅಕ್ಷರಶೈಲಿಯನ್ನು ಬದಲಿಸಿದೊಡನೆ ಕನ್ನಡದ ಪುಟ ರೋಮನ್ ಅಕ್ಷರಗಳ ಕಸವಾಗುತ್ತಿದ್ದುದನ್ನೂ, ಪುಸ್ತಕದಲ್ಲಿ ಒಂದು ಮಾತನ್ನು ಹುಡುಕಿದರೆ ಸಿಕ್ಕದೆಹೋಗುತ್ತಿದ್ದುದನ್ನೂ ಈ ಪತ್ರಿಕೆಯ ವಾಚಕರು ಬಲ್ಲರು. ಅಣುವಿನ ರಚನೆಯನ್ನು ಕೋಷ್ಟಕವಾಗಿ ಇಡುವುದಕ್ಕೂ ಚಿತ್ರವಾಗಿ ಇಡುವುದಕ್ಕೂ ಇರುವ ಅಂತರ ಇದೇ. ನಮ್ಮ ಹಳೆಯ ವೈಯಾಕರಣರು ಅಕ್ಷರವನ್ನು ಶ್ರಾವಣ, ಚಾಕ್ಷುಷ ಎಂದು ಎರಡಾಗಿ ಕಂಡರು. ಎರಡನ್ನೂ ಒಂದೆಂದು ಗೊಂದಲ ಮಾಡಿಕೊಂಡ ಪ್ರಾಯಶ್ಚಿತ್ತವನ್ನು ನಾವು ಇಪ್ಪತ್ತು ವರ್ಷಗಳ ಹಳೆಯ ಕಡತಗಳನ್ನು ಪರಿವರ್ತಿಸುತ್ತ ಮಾಡಿಕೊಳ್ಳುತ್ತಿದ್ದೇವೆ.

ಈಗ ತಂತ್ರಾಂಶಗಳ ಗುಣದೋಷಕ್ಕೆ ಬರೋಣ. ಕೆಮ್‌ಡ್ರಾದ ಅಚ್ಚಿನ ಸೊಗಸನ್ನು ಮೆಚ್ಚದಿರಲಾಗದು. ಅಮೆರಿಕನ್ ಕೆಮಿಕಲ್ ಸೊಸೈಟಿಯ 1996ರ ಮಾದರಿಯಂತೆ ಪ್ರತಿ ಬಂಧದ ಗೀಟು 0.508 ಸೆಂಟಿಮೀಟರು, ಸರಪಣಿಯ ಪ್ರತಿ ಕೋನ 120 ಡಿಗ್ರಿ. ನಿಜವಾದ ಅಣುವಿನಲ್ಲಿ ಇಂಗಾಲದ ಏಕಬಂಧ 1.54 ಆಂಗ್‌ಸ್ಟ್ರಾಂ, ದ್ವಿಬಂಧ 1.34, ಬೆಂಜೀನಿನದು ಇವೆರಡರ ನಡುವೆ. ಬರಹದಲ್ಲಿ ಇವೆಲ್ಲ ಒಂದೇ ಅಳತೆಯವು. ಇದನ್ನು ದೋಷವೆಂದು ಎತ್ತಿ ಆಡುವುದು ಸರಿಯಲ್ಲ. ಗುಡ್ಡ ಎಂದು ಬರೆಯುವಾಗ ಅಕ್ಷರಗಳನ್ನು ದೊಡ್ಡದು ಮಾಡುವುದಿಲ್ಲವಷ್ಟೆ. ದೋಷವಿರುವುದು ಬೇರೆ ಕಡೆ. ಕೈಬರಹದ ರಚನೆಯಲ್ಲಿ ಬರೆದವನ ಅನುಮಾನ ಕಾಣುತ್ತಿತ್ತು, ಗೀಟು ಅಳುಕುತ್ತಿತ್ತು. ತಂತ್ರಾಂಶದಲ್ಲಿ ವಿದ್ಯಾರ್ಥಿಯ ಊಹೆಯೂ ಆಚಾರ್ಯನ ಸಿದ್ಧಾಂತವೂ ಒಂದೇ ಗಾಂಭೀರ್ಯದಿಂದ ಅಚ್ಚಾಗುತ್ತವೆ.

ಇಂಗಾಲಕ್ಕೆ ಐದು ಕೈ ಬರೆದರೆ ತಂತ್ರಾಂಶ ಕೆಂಪು ಗುರುತು ಹಾಕುತ್ತದೆ. ಇದು ಕಾಗುಣಿತದ ತಿದ್ದುಪಡಿ, ಇದರಿಂದ ಪ್ರಯೋಜನವುಂಟು. ಆದರೆ ಮೂರು ಮೂಲೆಯ ಉಂಗುರದೊಳಗೆ ತ್ರಿಬಂಧವನ್ನು ಬರೆದು ನೋಡಿ. ಕೈಗಳ ಲೆಕ್ಕ ಸರಿಯಾಗಿರುವುದರಿಂದ ತಂತ್ರಾಂಶ ಸುಮ್ಮನಿರುತ್ತದೆ. ಸೀಸೆಯಲ್ಲಿ ತುಂಬಿಡಬಹುದಾದ ವಸ್ತು ಮಾತ್ರ ಅದಲ್ಲ. ವ್ಯಾಕರಣಶುದ್ಧವಾದ ಅಸಂಬದ್ಧ ವಾಕ್ಯವನ್ನು ಪಂಡಿತರು ಗುರುತಿಸುವಂತೆ ಇದನ್ನು ರಸಾಯನಜ್ಞನೇ ಗುರುತಿಸಬೇಕು.

ಬೆಣೆಯ ವಿಷಯ ಇನ್ನೂ ಸೂಕ್ಷ್ಮ. ಕಾರ್ವೋನ್ ಎಂಬ ಅಣು ಕೈಗಳಂತೆ ಎಡ ಬಲ ಎರಡು ರೂಪಗಳಲ್ಲಿದೆ. ಒಂದು ಪುದೀನದ ಒಂದು ಜಾತಿಯ ಪರಿಮಳ. ಇನ್ನೊಂದು ಸಬ್ಬಸಿಗೆ ಬೀಜದಲ್ಲಿರುವುದು. ಬರಹದಲ್ಲಿ ಇವೆರಡರ ವ್ಯತ್ಯಾಸ ಒಂದು ಬೆಣೆ ತುಂಬಿದೆಯೇ ಗೆರೆಗೆರೆಯಾಗಿದೆಯೇ ಎಂಬಷ್ಟೆ. ಬೆಣೆಯ ಚೂಪು ತುದಿ ಯಾವ ಇಂಗಾಲದ ಕಡೆಗಿದೆಯೋ ಆ ಇಂಗಾಲದ ವಿಷಯವನ್ನೇ ಅದು ಹೇಳುತ್ತದೆಂಬ ನಿಯಮವನ್ನು ಅಂತರರಾಷ್ಟ್ರೀಯ ಒಕ್ಕೂಟ 2006ರ ಶಿಫಾರಸುಗಳಲ್ಲಿ ವಿವರಿಸಿದೆ. ಕಲಿಯುವವರು ಬೆಣೆಯನ್ನು ತಿರುಗುಮುರುಗಾಗಿ ಬಡಿಯುವುದು ತೀರ ಸಾಮಾನ್ಯ. ಅಂಥ ಕಡೆ ತಂತ್ರಾಂಶ ಅದನ್ನು ಅಂದವಾಗಿಯೇ ತೋರಿಸಿ, ಕೋಷ್ಟಕದಲ್ಲಿ ಬೇರೆ ಅರ್ಥವನ್ನು ಬರೆದುಕೊಳ್ಳಬಹುದು. ಕಣ್ಣಿಗೆ ಪುದೀನ, ಕಡತಕ್ಕೆ ಸಬ್ಬಸಿಗೆ! ಕಂಡದ್ದಕ್ಕೂ ನೆನಪಿಟ್ಟದ್ದಕ್ಕೂ ಬರುವ ಈ ಒಡಕನ್ನು ಎಷ್ಟು ಬೇಗ ಬರೆಯುವವನಿಗೆ ತಿಳಿಸುತ್ತದೆಂಬುದೇ ಇಂಥ ಉಪಕರಣಕ್ಕೆ ನಾವು ಒಡ್ಡಬೇಕಾದ ಮೊದಲ ಪರೀಕ್ಷೆ. ಅಚ್ಚಿನ ಅಂದ ಅನಂತರದ್ದು.

ಬೆಂಜೀನಿನ ಉಂಗುರದೊಳಗೆ ವೃತ್ತವನ್ನು ಬರೆಯುವ ಪದ್ಧತಿ 1925ರಲ್ಲಿ ಆರ್ಮಿಟ್ ಮತ್ತು ರಾಬಿನ್‌ಸನ್ ತಂದದ್ದು. ವೃತ್ತವೆಂದರೆ ಆರು ಎಲೆಕ್ಟ್ರಾನುಗಳ ಕೂಟ. ನಾಫ್ತಲೀನಿನ ಎರಡು ಉಂಗುರಗಳಿಗೂ ಎರಡು ವೃತ್ತಗಳನ್ನು ಬರೆದರೆ ಲೆಕ್ಕ 12 ಆಗುತ್ತದೆ, ಅಲ್ಲಿರುವುದು 10. ಆದ್ದರಿಂದ ತಂತ್ರಾಂಶದ ಲೆಕ್ಕಪುಸ್ತಕಕ್ಕೆ ಕೆಕುಲೆಯ ಒಂದುಬಿಟ್ಟೊಂದು ದ್ವಿಬಂಧಗಳೇ ಅನುಕೂಲ. ಅವು ಅಣುವಿನ ನಿಜಸ್ಥಿತಿಗೆ ವೃತ್ತಕ್ಕಿಂತ ದೂರವೆಂಬುದು ಎಲ್ಲರಿಗೂ ಗೊತ್ತು. ಆದರೂ ಬರಹಕ್ಕೆ ಅವೇ ವಾಸಿ. ಈ ವಿಷಯದಲ್ಲಿ ನಮ್ಮ ಒಲವು ಕೆಕುಲೆಯ ಕಡೆಗೆ.

ಸಮತಲಕ್ಕೆ ಒಗ್ಗದ ಅಣುಗಳ ಮುಂದೆ ಈ ಲಿಪಿಯೂ ತಂತ್ರಾಂಶವೂ ಬಡವಾಗುತ್ತವೆ. 1960ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಪುಣೆಯ ಪ್ರಯೋಗಾಲಯಕ್ಕೆ ಬಂದ ಸುಖದೇವರು ಟರ್ಪೀನುಗಳೆಂಬ ಸುಗಂಧತೈಲದ ಅಣುಗಳ ಅಧ್ಯಯನಕ್ಕೆ ಪ್ರಸಿದ್ಧರು. ಅವರು ಕೈಹಾಕಿದ ಲಾಂಗಿಫೋಲೀನು ಹಿಮಾಲಯದ ದೇವದಾರುವಿನ ಬಳಗದ ಚೀರ್ ಮರದ ಎಣ್ಣೆಯಿಂದ ಬರುವುದು. ಉಂಗುರಗಳ ಮೇಲೆ ಸೇತುವೆ ಕಟ್ಟಿದಂಥ ರಚನೆ. ಇದನ್ನು ಇಬ್ಬರು ಬರೆದರೆ ಎರಡು ಬೇರೆ ವಸ್ತುಗಳೆಂಬಂತೆ ಕಾಣುವುದು. ತಂತ್ರಾಂಶದಲ್ಲಿ ಬರೆದು ‘ಅಚ್ಚುಕಟ್ಟು ಮಾಡು’ ಎಂಬ ಆಜ್ಞೆಯನ್ನು ಒತ್ತಿದರೆ, ಕೈಯಿಂದ ಶ್ರಮಪಟ್ಟು ತಂದ ಸೇತುವೆಯ ಭಾವ ಅಳಿಸಿಹೋಗಿ ಚಪ್ಪಟೆಯಾದ ಬಲೆಯೊಂದು ಉಳಿಯುತ್ತದೆ. ಕೋಷ್ಟಕ ಸರಿಯಾಗಿಯೇ ಇರುವುದು. ಓದುಗ ಮಾತ್ರ ದಾರಿ ತಪ್ಪುವನು. ಅಚ್ಚುಕಟ್ಟನ್ನು ಅರಿಯದವನ ಕೈಗೆ ಒಪ್ಪಿಸಬಾರದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಪುಣೆಯವರೇ ಕಟ್ಟಿದ ಉಪಕರಣಗಳಲ್ಲಿ ಎರಡು ನಮ್ಮ ವಿಚಾರಕ್ಕೆ ನೇರವಾಗಿ ಸಲ್ಲುತ್ತವೆ. 2005ರಲ್ಲಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಎಂ. ಕಾರ್ತಿಕೇಯನ್, ಆಂಡ್ರಿಯಾಸ್ ಬೆಂಡರ್ ಅವರೊಡಗೂಡಿ, ಅಣುರಚನೆಯನ್ನು ಅಂಗಡಿಯ ಸಾಮಾನಿನ ಮೇಲಿರುವಂಥ ಪಟ್ಟೆಸಂಕೇತವಾಗಿ ಬರೆದು ಮರಳಿ ಓದುವ ವಿಧಾನವನ್ನು ಪ್ರಕಟಿಸಿದರು. ಸೀಸೆಯ ಮೇಲೆ ಅಂಟಿಸಬಹುದಾದಷ್ಟು ಚಿಕ್ಕ ಚೌಕದಲ್ಲಿ ಷಟ್ಕೋಣವೂ ಇಲ್ಲ, ಗೀಟೂ ಇಲ್ಲ. ಆದರೂ ಅಣು ಪೂರ್ತಿಯಾಗಿ ಅಲ್ಲಿದೆ, ಯಂತ್ರಕ್ಕೆ ತೋರಿಸಿದರೆ ಮೂಡಿಬರುತ್ತದೆ. ರಚನಾಸೂತ್ರ ಚಿತ್ರವಲ್ಲವೆಂಬ ಮಾತಿಗೆ ಇದಕ್ಕಿಂತ ನೇರವಾದ ಸಾಕ್ಷ್ಯವನ್ನು ಕಾಣುವುದು ಕಷ್ಟ. ಈ ಕೆಲಸ ಮುಖ್ಯವಾಗಿ ದಾಸ್ತಾನಿನ ಅನುಕೂಲಕ್ಕೆಂದು ಸೀಮಿತವಾಗಿ ಕಂಡೀತು, ಆದರೆ ಅದರ ಹಿಂದಿರುವ ತತ್ತ್ವ ಹಿರಿದು.

ಇನ್ನೊಂದು ಕೆಲಸ ಇದಕ್ಕೆ ವಿರುದ್ಧ ದಿಕ್ಕಿನದು. ಪುಣೆ ವಿಶ್ವವಿದ್ಯಾಲಯದಲ್ಲಿ ಶ್ರೀಧರ ಗದ್ರೆ ಅವರ ಬಳಗ ಅಣುವಿನ ಸುತ್ತಣ ವಿದ್ಯುತ್ ವಿಭವದ ಏರುತಗ್ಗುಗಳನ್ನು ಗಣಿಸುತ್ತಿತ್ತು. ಆ ಗಣನೆಗಳನ್ನು ಕಣ್ಣಿಗೆ ತೋರಿಸಲು ಅಜಯ ಲಿಮಯೆ ಮತ್ತು ಗದ್ರೆ ‘ಯೂನಿವಿಸ್-2000’ ಎಂಬ ದೇಶೀಯ ತಂತ್ರಾಂಶವನ್ನು ನಿರ್ಮಿಸಿ 2001ರ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದರು. ಇಲ್ಲಿ ಗೀಟಿಗೆ ಪ್ರಾಧಾನ್ಯವಿಲ್ಲ. ಬೆಂಜೀನಿನ ಉಂಗುರದ ಮೇಲೂ ಕೆಳಗೂ ಋಣವಿಭವದ ಪ್ರದೇಶಗಳು ಹರಡಿಕೊಂಡಿರುವುದನ್ನೂ, ನೀರಿನ ಆಮ್ಲಜನಕದ ಬಳಿ ಜೋಡಿ ಎಲೆಕ್ಟ್ರಾನುಗಳು ಮಾಡಿದ ತಗ್ಗುಗಳನ್ನೂ ಮೇಲ್ಮೈಗಳಾಗಿ ನೋಡಬಹುದು. ಲಿಮಯೆ ಮುಂದೆ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ನಿರ್ಮಿಸಿದ ದೃಶ್ಯತಂತ್ರಾಂಶಕ್ಕೆ ‘ದೃಷ್ಟಿ’ ಎಂದೇ ಹೆಸರಿಟ್ಟರು. ಹೆಸರಿನಲ್ಲಿಯೇ ಅದರ ಧೋರಣೆಯಿದೆ. ಇದು ನಿಜವಾಗಿ ಚಿತ್ರ. ಗೀಟು ಹೇಳದ ಸಂಗತಿಯನ್ನು, ಎಂದರೆ ಇನ್ನೊಂದು ಅಣು ಬಂದರೆ ಎಲ್ಲಿಗೆ ಸೆಳೆಯಲ್ಪಡುತ್ತದೆಂಬುದನ್ನು, ಇದು ತೋರಿಸಬಲ್ಲದು. ಇದರ ಬಣ್ಣಗಳನ್ನು ಮಾತ್ರ ನಂಬಬಾರದು. ಆಮ್ಲಜನಕ ಕೆಂಪು, ಸಾರಜನಕ ನೀಲಿ, ಇಂಗಾಲ ಕಪ್ಪು ಎಂಬುವು ಮನುಷ್ಯರು ಮಾಡಿಕೊಂಡ ಒಪ್ಪಂದಗಳು. ಅಣುವಿಗೆ ಅಂಥ ಬಣ್ಣವಿಲ್ಲ. ಬೋಧಕರು ಗೀಟಿನ ಬರಹವನ್ನೂ ಈ ಮುಗಿಲಿನ ಚಿತ್ರವನ್ನೂ ಒಂದೇ ವಸ್ತುವಿನ ಸರಳ ರೂಪ, ಕ್ಲಿಷ್ಟ ರೂಪ ಎಂದು ಹೇಳಿಕೊಡುವುದುಂಟು. ಇದನ್ನು ಒಪ್ಪಲಾಗದು. ಒಂದು ವಾಕ್ಯ, ಇನ್ನೊಂದು ಭೂಪಟ.

ಕನ್ನಡದ ಕಡೆಗೆ ತಿರುಗೋಣ. ಕರ್ನಾಟಕದ ಹತ್ತನೆಯ ತರಗತಿಯ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಎಂಬ ಅಧ್ಯಾಯವನ್ನು ತೆರೆದರೆ ಗದ್ಯ ಕನ್ನಡದಲ್ಲಿದೆ, ರಚನೆಗಳೊಳಗಿನ ಸಂಕೇತಗಳು ರೋಮನ್ ಲಿಪಿಯಲ್ಲಿವೆ. ಸಂಕೇತಗಳನ್ನು ಕನ್ನಡಿಸಬೇಕೆಂದು ಅಭಿಮಾನಿಗಳು ಹೇಳಿಯಾರು. 1961ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಪರಿಭಾಷಾ ಆಯೋಗ ಸಂಕೇತಗಳನ್ನು ರೋಮನ್ ಲಿಪಿಯಲ್ಲಿಯೇ ಉಳಿಸಿಕೊಂಡಿತು. ಅದರ ನಿರ್ಣಯಕ್ಕೆ ಒಂದು ಲಿಪಿಸಂಬಂಧವಾದ ಸಮರ್ಥನೆಯೂ ಇದೆ. ರಸಾಯನದ ಸಂಕೇತವ್ಯವಸ್ಥೆ ರೋಮನ್ ಲಿಪಿಯ ದೊಡ್ಡಕ್ಷರ ಸಣ್ಣಕ್ಷರಗಳ ಭೇದದ ಮೇಲೆ ನಿಂತಿದೆ. ‘ಸಿ’ ದೊಡ್ಡದಾಗಿ ‘ಓ’ ಸಣ್ಣದಾದರೆ ಅದು ಕೋಬಾಲ್ಟ್ ಎಂಬ ಲೋಹ. ಎರಡೂ ದೊಡ್ಡದಾದರೆ ಉಸಿರು ಕಟ್ಟಿಸುವ ಕಾರ್ಬನ್ ಮಾನಾಕ್ಸೈಡು. ಸ್ಮೈಲ್ಸ್ ಬರವಣಿಗೆಯಲ್ಲಿಯೂ ಸಣ್ಣ ‘ಸಿ’ ಎಂದರೆ ಬೆಂಜೀನಿನಂಥ ಉಂಗುರದ ಇಂಗಾಲ. ನಮ್ಮ ಲಿಪಿಯಲ್ಲಿ ಈ ಭೇದವೇ ಇಲ್ಲ. ಇಲ್ಲದ್ದನ್ನು ಕೃತಕವಾಗಿ ತರುವುದಕ್ಕಿಂತ ಸಂಕೇತವನ್ನು ಇದ್ದಂತೆಯೇ ಇಟ್ಟುಕೊಂಡು, ಅದನ್ನು ಕನ್ನಡದಲ್ಲಿ ಓದುವುದನ್ನು ಕಲಿಯುವುದು ಮೇಲು. ಗಣಿತದ ಸಮೀಕರಣವನ್ನು ನಾವು ಹಾಗೆಯೇ ಓದುತ್ತೇವಲ್ಲವೆ?

ಓದುವುದೆಂದರೆ ಏನೆಂಬುದಕ್ಕೆ ಒಂದು ಉದಾಹರಣೆ. ವೆನಿಲ್ಲಾದ ಪರಿಮಳದ ಅಣುವಾದ ವೆನಿಲಿನ್ನಿನ ಶಾಸ್ತ್ರೀಯ ನಾಮ 4-ಹೈಡ್ರಾಕ್ಸಿ-3-ಮೆಥಾಕ್ಸಿಬೆಂಜಾಲ್ಡಿಹೈಡ್. ಇಂಗ್ಲಿಷಿನಲ್ಲಿ ಇದನ್ನು ಬಿಡಿಸಿ ಹೇಳುವಾಗ ಸಾಮಾನ್ಯವಾಗಿ ಕೊನೆಯ ಪದದಿಂದ ಹಿಂದಕ್ಕೆ ನಡೆಯುತ್ತಾರೆ. ಕನ್ನಡದಲ್ಲಿ ಹಾಗೆ ಮಾಡಬೇಕಾಗಿಯೇ ಇಲ್ಲ: ‘ನಾಲ್ಕನೆಯ ಮೂಲೆಯಲ್ಲಿ ಹೈಡ್ರಾಕ್ಸಿಲನ್ನೂ ಮೂರನೆಯದರಲ್ಲಿ ಮೆಥಾಕ್ಸಿಯನ್ನೂ ಹೊತ್ತ ಬೆಂಜಾಲ್ಡಿಹೈಡು’. ವಿಶೇಷಣಗಳು ಮುಂದೆ, ವಿಶೇಷ್ಯ ಕೊನೆಗೆ. ಉತ್ತರಪದಪ್ರಧಾನವಾದ ನಮ್ಮ ಸಮಾಸದ ನಡೆ ಈ ಹೆಸರಿನ ನಡೆಯೊಡನೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಇಷ್ಟು ಅನುಕೂಲವಾದ ವಾಕ್ಯರಚನೆ ಕೈಯಲ್ಲಿದ್ದೂ ನಮ್ಮ ಲೇಖಕರು ಚಿತ್ರದ ಕೆಳಗೆ ‘ವೆನಿಲಿನ್ನಿನ ರಚನೆ’ ಎಂದು ಎರಡು ಪದ ಬರೆದು ಮುಂದೆ ಸಾಗುವುದನ್ನು ಕಂಡಾಗ ಬೇಸರವಾಗುತ್ತದೆ.

ಇಷ್ಟಕ್ಕೆ ನಿಲ್ಲದೆ ಅದೇ ಉಂಗುರವನ್ನು ಹಿಡಿದು ಅಡುಗೆಮನೆಗೆ ಬರಬಹುದು. ಮೆಥಾಕ್ಸಿಯೂ ಹೈಡ್ರಾಕ್ಸಿಲೂ ಅಕ್ಕಪಕ್ಕದ ಮೂಲೆಗಳಲ್ಲಿ ಕುಳಿತ ಈ ಬೆಂಜೀನ್ ಉಂಗುರ ಲವಂಗದ ಯೂಜಿನಾಲಿನಲ್ಲಿದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ನಿನ ಒಂದು ತುದಿಯಲ್ಲಿದೆ. ಅರಿಸಿನದ ಕರ್ಕ್ಯುಮಿನ್ನಿನ ಎರಡು ತುದಿಗಳಲ್ಲಿಯೂ ಇದೆ. ಲವಂಗ, ಮೆಣಸಿನಕಾಯಿ, ಅರಿಸಿನ, ವೆನಿಲ್ಲಾ ಎಂಬ ಹೆಸರುಗಳಲ್ಲಾಗಲಿ, ಯೂಜಿನಾಲ್, ಕ್ಯಾಪ್ಸೈಸಿನ್, ಕರ್ಕ್ಯುಮಿನ್ ಎಂಬ ಹೆಸರುಗಳಲ್ಲಾಗಲಿ ಈ ಬಾಂಧವ್ಯದ ಸುಳಿವಿಲ್ಲ. ರಚನೆಯನ್ನು ಓದಬಲ್ಲವನಿಗೆ ಅದು ಮೊದಲ ನೋಟಕ್ಕೇ ತಿಳಿಯುತ್ತದೆ. ಯಂತ್ರಕ್ಕೂ ತಿಳಿಯುತ್ತದೆ: ಈ ತುಣುಕನ್ನು ತೆರೆಯ ಮೇಲೆ ಬರೆದು, ಇದು ಎಲ್ಲೆಲ್ಲಿದೆಯೆಂದು 2004ರಲ್ಲಿ ಆರಂಭವಾದ ‘ಪಬ್‌ಕೆಮ್’ ಭಂಡಾರವನ್ನು ಕೇಳಿದರೆ ನಾಲ್ಕೂ ಎದುರಿಗೆ ಬರುತ್ತವೆ. ಅವೇ ನಾಲ್ಕು ಅಣುಗಳು ಕನ್ನಡ ಪುಸ್ತಕವೊಂದರ ನಾಲ್ಕು ಪುಟಗಳಲ್ಲಿ ಚಿತ್ರಗಳಾಗಿ ಅಂಟಿಕೊಂಡಿದ್ದರೆ, ಆ ಪುಸ್ತಕವನ್ನು ಹೀಗೆ ಕೇಳಲಾಗದು. ಪುಸ್ತಕವನ್ನು ಯಂತ್ರದಿಂದ ಓದಿಸಿಕೊಂಡು ಕಲಿಯುವ ಅಂಧ ವಿದ್ಯಾರ್ಥಿಗೆ ಅಲ್ಲಿ ನಾಲ್ಕು ಸಲ ‘ಚಿತ್ರ’ ಎಂಬ ಮಾತು ಕೇಳಿಸೀತು, ಇಲ್ಲವೆ ಏನೂ ಕೇಳಿಸದೆ ಹೋದೀತು.

ಇದಕ್ಕೆ ಹಣ ಬೇಕೆಂಬ ಆಕ್ಷೇಪ ನಿಲ್ಲದು. ಕೆಮ್‌ಡ್ರಾದ ಬೆಲೆ ತಾಲ್ಲೂಕು ಕೇಂದ್ರದ ಕಾಲೇಜಿಗೆ ಎಟುಕದಿರಬಹುದು. ಆದರೆ ಬೋಧನೆಗೆ ಉಚಿತವಾಗಿ ದೊರೆಯುವ ‘ಕೆಮ್‌ಸ್ಕೆಚ್’, ಮುಕ್ತವಾದ ‘ಅವೊಗಾಡ್ರೊ’, ‘ಜೆಮೋಲ್’ ಇವೆ, ಸಾಮಾನ್ಯ ಪಠ್ಯಕ್ಕೆ ಇವು ಸಾಕು. ಕೊರತೆ ಇರುವುದು ಕಡತವನ್ನು ಉಳಿಸುವ ರೂಢಿಯಲ್ಲಿ. ಲೇಖಕ ಬರೆದ ರಚನೆಯ ಮೂಲಕಡತ ಮುದ್ರಣಾಲಯಕ್ಕೆ ಹೋಗುವಾಗ ಚಿತ್ರವಾಗಿ ಬದಲಾಗುತ್ತದೆ. ಎರಡನೆಯ ಮುದ್ರಣದ ವೇಳೆಗೆ ಮೂಲ ಎಲ್ಲಿದೆಯೆಂದು ಲೇಖಕನಿಗೂ ತಿಳಿದಿರುವುದಿಲ್ಲ. ಪುಸ್ತಕದ ಜೊತೆಗೆ ಅದರ ಅಣುಗಳ ಸ್ಮೈಲ್ಸ್ ಸಾಲುಗಳನ್ನು ಕೊನೆಯ ಪುಟದಲ್ಲಿ ಅಚ್ಚು ಹಾಕಿದರೂ ಸಾಕು. ಒಂದು ಅಣುವಿಗೆ ಒಂದೋ ಎರಡೋ ಸಾಲು, ನೂರು ಅಣುಗಳಿಗೆ ಹೆಚ್ಚೆಂದರೆ ನಾಲ್ಕು ಪುಟ. ಆ ಸಾಲುಗಳಿಂದ ಕನ್ನಡ ವಾಕ್ಯವನ್ನು ಕಟ್ಟಿ ಓದಿಹೇಳುವ ವಾಚಕಕ್ಕೆ ಮೂರು ವಸ್ತುಗಳು ಬೇಕು: ಕೋಷ್ಟಕದಿಂದ ನಾಮವನ್ನು ಹೊರಡಿಸುವ ತಂತ್ರ, ಗುಂಪುಗಳಿಗೆ ನೆಲೆಗೊಂಡ ಕನ್ನಡ ಹೆಸರುಗಳ ಪಟ್ಟಿ, ವಿಶೇಷಣಗಳನ್ನು ಮುಂದಿಟ್ಟು ವಿಶೇಷ್ಯವನ್ನು ಕೊನೆಗೆ ತರುವ ವಾಕ್ಯದ ಎರಕ. ಮೊದಲನೆಯದು ಇಂದಿನ ತಂತ್ರಾಂಶಗಳಲ್ಲಿಯೇ ಇದೆ. ಮೂರನೆಯದು ನಮ್ಮ ಭಾಷೆಯಲ್ಲಿದೆ. ಎರಡನೆಯದಕ್ಕಾಗಿ ಪಾಷಾಣದ ರಸಾಯನಜ್ಞರೂ ಲಿಪಿತಂತ್ರದವರೂ ಆದ ಪುಣೆಯ ಕನ್ನಡಿಗರು ಕೆಲವು ಭಾನುವಾರಗಳಲ್ಲಿ ಒಂದು ಮೇಜಿನ ಸುತ್ತ ಕೂಡಬೇಕಾಗುವುದು. ಮೆಥಾಕ್ಸಿ, ಹೈಡ್ರಾಕ್ಸಿಲ್, ಆಲ್ಡಿಹೈಡುಗಳಿಂದ ಆರಂಭಿಸಿದರೆ ಲವಂಗ, ಮೆಣಸಿನಕಾಯಿ, ವೆನಿಲ್ಲಾಗಳ ಬಹುಭಾಗ ಮೊದಲ ದಿನವೇ ಮುಗಿದೀತು. ಅರಿಸಿನಕ್ಕೆ ಇನ್ನೊಂದು ಭಾನುವಾರ ಹಿಡಿಯುವುದು, ಏಕೆಂದರೆ ಅದರ ನಡುವಣ ಸರಪಣಿಯ ದ್ವಿಬಂಧಗಳನ್ನು ಎಲ್ಲಿ ಬರೆಯಬೇಕೆಂಬ ವಿಷಯದಲ್ಲಿ ರಸಾಯನಜ್ಞರು ಒಂದಕ್ಕಿಂತ ಹೆಚ್ಚು ರೂಪಗಳನ್ನು ಒಪ್ಪುತ್ತಾರೆ.